ಬಲಕ್ಕೆ ಮಾತ್ರ ತಿರುಗುವ ಸೈಕಲ್ಲು

ನಾಲ್ಕು ಬೆರಳು ಉದ್ದ ಹೆಚ್ಚಿತ್ತು, ಅಷ್ಟೇ. ಬೇರೆ ಯಾರಾದರೂ ಆಗಿದ್ದರೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಸೈಕಲ್ಲಿನ ಯಜಮಾನ ಟೈಲರ್. ಹ್ಯಾಂಡಲಿನ ಮುಂದೆ ಜೋತುಬಿದ್ದ ಆ ಕರಿಯ ಬ್ರೇಕ್ ಪೈಪನ್ನು ನೋಡಿದಾಗಲೆಲ್ಲ, ಅಣ್ಣನ ಅಂಗಿ ತೊಟ್ಟು ಮದುವೆಗೆ ಹೊರಟ ತಮ್ಮನನ್ನು ಕಂಡಂತೆ ಅವನ ಕೈ ಕತ್ತರಿಗಾಗಿ ತಡಕಾಡುತ್ತಿತ್ತು.

ಅದು ಗುಡ್ಡ ಹತ್ತುವ ಸೈಕಲ್ಲು. ದಪ್ಪ ಟೈರು, ಪೈಪಿನೊಳಗಿನ ಎಣ್ಣೆಯ ಒತ್ತಡಕ್ಕೆ ಹಿಡಿಯುವ ಬ್ರೇಕು. ನಲವತ್ತೆರಡು ವರ್ಷದ, ಮಂಡಿನೋವಿನ, ಮದುವೆಯಾಗದ ಟೈಲರ್ ಅದನ್ನು ವ್ಯಾಯಾಮಕ್ಕೆಂದು ಕೊಂಡಿದ್ದಾಗಿ ಅಕ್ಕನಿಗೆ ಹೇಳಿದ್ದ. ನಿಜವಾದ ಕಾರಣ ಗುಡ್ಡದ ಮೇಲಿತ್ತು. ಮನೆಮುಂದಿನ ಅವನ ಅಂಗಡಿಯ ಎದುರಿನ ಆಸ್ಪತ್ರೆಯಲ್ಲಿದ್ದ ನರ್ಸಮ್ಮನಿಗೆ ಗುಡ್ಡದ ಆಸ್ಪತ್ರೆಗೆ ವರ್ಗವಾಗಿ ಐದು ತಿಂಗಳಾಗಿತ್ತು. ನಾಲ್ಕು ವರ್ಷ, ವಾರಕ್ಕೊಮ್ಮೆ ಏನಾದರೊಂದು ಬಟ್ಟೆ ತಂದು ಬೆಂಚಿನ ತುದಿಯಲ್ಲಿ ಕೂತು, "ಅರ್ಜೆಂಟೇನಿಲ್ಲ, ನಿಧಾನಕ್ಕೆ ಹೊಲೀರಿ" ಅನ್ನುತ್ತಿದ್ದವಳು. ಖಾಲಿ ಬೆಂಚು ನೋಡಲಾರದೆ ಅವನು ಅದರ ಮೇಲೆ ಬಟ್ಟೆಯ ಥಾನು ಪೇರಿಸಿಟ್ಟ. ಆಮೇಲೆ ಥಾನು ನೋಡಿದರೂ ಅವಳೇ ನೆನಪಾಗತೊಡಗಿದಳು.

ಗುರುವಾರ ಪಕ್ಕದ ಇಸ್ತ್ರಿ ಅಂಗಡಿಯವನು ಸುದ್ದಿ ತಂದ. "ಸಿಸ್ಟರ್ ಸಿಕ್ಕಿದ್ರು. ಭಾನುವಾರ ಎರಡು ಗಂಟೆವರೆಗೆ ಬಿಡುವಂತೆ. ಟೈಲರ್ ಒಂದ್ಸಲನಾದ್ರೂ ಗುಡ್ಡ ನೋಡೋಕೆ ಬರಲ್ವಾ ಅಂತ ಕೇಳಿದ್ರು."

ಭಾನುವಾರ ಗುಡ್ಡಕ್ಕೆ ಬಸ್ಸಿಲ್ಲ. ಸೈಕಲ್ಲಿದೆಯಲ್ಲ. ಆದರೆ ಆ ಜೋಲು ಪೈಪನ್ನು ತೂಗಾಡಿಸಿಕೊಂಡು ಅವಳ ಮುಂದೆ ಹೋಗಿ ನಿಲ್ಲುವುದು ಹೇಗೆ?

ಭಾನುವಾರ ಬೆಳಗ್ಗೆ ಎಂಟಕ್ಕೆ ಸೈಕಲ್ಲನ್ನು ಮೇಜಿಗೆ ಒರಗಿಸಿ, ಹ್ಯಾಂಡಲನ್ನು ನೆಟ್ಟಗೆ ನಿಲ್ಲಿಸಿ, ಟೇಪು ಹಿಡಿದು, ಸೀಮೆಸುಣ್ಣದಲ್ಲಿ ಗುರುತು ಹಾಕಿ, ಬ್ಲೇಡಿನಿಂದ ಪೈಪು ಕತ್ತರಿಸಿದ. ತುದಿಗೆ ಹಿತ್ತಾಳೆಯ ಪುಟ್ಟ ಉಂಗುರ ತೊಡಿಸಿ, ಬ್ರೇಕಿನ ಹಿಡಿಗೆ ಸೇರಿಸಿ, ನಟ್ಟು ಬಿಗಿದ.

"ಇದ್ಯಾವುದೋ ಇಲ್ಲೇ ಉಳಿದಿದೆಯಲ್ಲ" ಎಂದು ಇಸ್ತ್ರಿಯವನು ಮೇಜಿನ ಮೇಲಿಂದ ರಬ್ಬರ್ ಟೋಪಿಯೊಂದನ್ನು ಎತ್ತಿ ತೋರಿಸಿದ.

ಅದನ್ನು ಎಲ್ಲಕ್ಕಿಂತ ಮೊದಲು ಪೈಪಿಗೆ ತೂರಿಸಬೇಕಿತ್ತು. ಈಗ ಉಂಗುರ ಪೈಪನ್ನು ಕಚ್ಚಿ ಕೂತಿತ್ತು. ಉಂಗುರದ ಸಮೇತ ತುದಿಯನ್ನು ಮತ್ತೆ ಕತ್ತರಿಸಿ, ಹೊಸ ಉಂಗುರ ಹಾಕಿದ್ದಾಯಿತು. ಹಿಡಿ ಅದುಮಿದರೆ ಎಣ್ಣೆ ಜಿನುಗಿತು.

ಅಷ್ಟರಲ್ಲಿ ಮಹಡಿಯ ಡ್ರಾಯಿಂಗ್ ಮೇಷ್ಟ್ರು ಇಳಿದು ಬಂದರು. ಯಾರೂ ಕರೆದಿರಲಿಲ್ಲ. "ಓರೆ ಕತ್ತರಿಸಿದೀರಲ್ರೀ. ಸೀಮೆಸುಣ್ಣ ಕೊಡಿ ಇಲ್ಲಿ. ನೇರ ಗೆರೆ ಅಂದ್ರೆ ಏನು ಅಂತ ತೋರಿಸ್ತೀನಿ."

ಮೇಷ್ಟ್ರ ಗೆರೆ ನೇರವಾಗಿಯೇ ಇತ್ತು. ಬೇಕಾದ್ದಕ್ಕಿಂತ ಎರಡು ಬೆರಳು ಒಳಗಿತ್ತು, ಅಷ್ಟೇ.

"ಭಾನುವಾರನಾದ್ರೂ ಸುಮ್ನೆ ಕೂರೋ. ವಾರವೆಲ್ಲ ಬೆನ್ನು ಬಗ್ಗಿಸಿದ್ದು ಸಾಲದಾ?" ಎಂದು ಅಕ್ಕ ಒಳಗಿನಿಂದ ಗೊಣಗಿದಳು.

ಮೂರನೆಯ ಸಲ ಒಂದು ಹನಿಯೂ ಜಿನುಗಲಿಲ್ಲ. ಪೈಪು ಮೈಗೆ ಅಂಟಿದಂತೆ ಕೂತಿತ್ತು. ಟೈಲರ್ ಕೈ ತೊಳೆದು, ಇಸ್ತ್ರಿ ಅಂಗಿ ತೊಟ್ಟು, ಹನ್ನೆರಡೂವರೆಗೆ ಹೊರಟ. ಬೀದಿಯ ಕೊನೆಯಲ್ಲಿ ಎಡಕ್ಕೆ ತಿರುಗಿದರೆ ಗುಡ್ಡದ ರಸ್ತೆ. ಹ್ಯಾಂಡಲು ತಿರುಗಲಿಲ್ಲ. ಬಲಗೈ ಹಿಡಿಯಿಂದ ಹಿಂದಿನ ಚಕ್ರಕ್ಕೆ ಹೋಗುವ ಪೈಪು ಬಟ್ಟೆ ಒಣಹಾಕುವ ಹಗ್ಗದಂತೆ ಬಿಗಿದು ನಿಂತಿತ್ತು.

"ಅಳತೆ ತಗೊಳ್ಳೋವಾಗ ಕೈ ಎತ್ತಿಸಿ ನೋಡಲಿಲ್ವೇನ್ರೀ?" ಎಂದು ಮೇಷ್ಟ್ರು ಹಿಂದಿನಿಂದ ಕೂಗಿ ಕೇಳಿದರು. ಇಪ್ಪತ್ತು ವರ್ಷದಲ್ಲಿ ಒಬ್ಬ ಗಿರಾಕಿಗೂ ಮಾಡದ ತಪ್ಪನ್ನು ಟೈಲರ್ ತನಗೇ ಮಾಡಿಕೊಂಡಿದ್ದ.

ಇಸ್ತ್ರಿಯವನು ಸಮಾಧಾನ ಹೇಳಿದ. "ಬಲಕ್ಕೆ ತಿರುಗುತ್ತಲ್ಲ, ಬಿಡಿ. ಮೂರು ಸಲ ಬಲಕ್ಕೆ ಹೋದ್ರೆ ಒಂದು ಸಲ ಎಡಕ್ಕೆ ಹೋದ ಹಾಗೇ."

ಲೆಕ್ಕ ಸರಿಯಾಗಿತ್ತು, ಬೀದಿಗಳು ಸರಿಯಿರಲಿಲ್ಲ. ಮೊದಲ ಸುತ್ತಿಗೆ ಅವನು ತನ್ನ ಅಂಗಡಿಯ ಮುಂದೆಯೇ ಬಂದ. ಎರಡನೆಯ ಸುತ್ತಿಗೂ ಬಂದ. "ಬಂದ್ರು, ಮತ್ತೆ ಬಂದ್ರು" ಎಂದು ಮೇಷ್ಟ್ರು ಮಹಡಿಯಿಂದ ವರದಿ ಒಪ್ಪಿಸುತ್ತಿದ್ದರು. ಮೂರನೆಯ ಸುತ್ತಿಗೆ ಹೇಗೋ ಗುಡ್ಡದ ಬುಡ ಸಿಕ್ಕಿತು. ಗುಡ್ಡದ ಮೊದಲ ತಿರುವೇ ಎಡಕ್ಕೆ. ಅಲ್ಲಿ ಮೂರು ಸಲ ಬಲಕ್ಕೆ ಹೋಗಲು ಬೀದಿಗಳಿರಲಿಲ್ಲ, ಪೊದೆಯಿತ್ತು. ಸೈಕಲ್ಲು ನೇರ ಅದರೊಳಗೆ ಹೋಯಿತು.

ಪೊದೆಯಲ್ಲಿ ಅಂಗಾತ ಬಿದ್ದವನಿಗೆ ಮೇಲೆ ಬಿಳಿಯ ಕಟ್ಟಡವೊಂದು ಬೆರಳಷ್ಟೇ ಕಾಣುತ್ತಿತ್ತು. ಅಲ್ಲೆಲ್ಲೋ ಕಿಟಕಿಯ ಹತ್ತಿರ ಅವಳು ನಿಂತಿರಬಹುದು, ರಸ್ತೆ ನೋಡುತ್ತಿರಬಹುದು. ಅವಳ ದನಿ ಒಂದು ಸಲ ಕೇಳಿದ್ದರೆ ಸಾಕಿತ್ತು. "ಬಂದೆ ಕಣ್ರೀ, ಇನ್ನೊಂಚೂರು ತಡೀರಿ" ಎಂದು ಕಟ್ಟಡಕ್ಕೆ ಹೇಳಿದ. ಏಳಲು ಹೋದರೆ ಮಂಡಿ ಕೇಳಲಿಲ್ಲ. ಗಡಿಯಾರ ಎರಡು ದಾಟಿತ್ತು. ಜನ ನೋಡಿಯಾರೆಂದು ರಸ್ತೆ ಬಿಟ್ಟು ಕಾಲುವೆಯ ದಂಡೆ ಹಿಡಿದು, ಸೈಕಲ್ಲು ತಳ್ಳಿಕೊಂಡು ಕುಂಟುತ್ತ ಮನೆಗೆ ಬಂದ.

ಅಕ್ಕ ಹೊಲಿಗೆ ಯಂತ್ರಕ್ಕೆ ಹೊದಿಕೆ ಹಾಕುತ್ತಿದ್ದಳು.

"ಎಲ್ಲಿ ಹೋಗಿದ್ಯೋ? ಆ ನರ್ಸಮ್ಮ ಬಂದಿದ್ರು. ಆಂಬುಲೆನ್ಸು ಈ ಕಡೆ ಬರ್ತಿತ್ತಂತೆ, ಹತ್ತಿ ಬಂದಿದ್ರು."

ಟೈಲರ್ ಬಾಗಿಲು ಹಿಡಿದುಕೊಂಡ. "ಯಾಕಂತೆ?"

"ಬಿಳಿ ಕೋಟಿನ ತೋಳು ಬಿಟ್ಟುಹೋಗಿತ್ತು. ಬಿಟ್ಟಿದ್ದೇನು ಬಂತು, ಕತ್ತರಿ ಹಾಕಿ ಒಂದೊಂದೇ ಹೊಲಿಗೆ ಬಿಚ್ಚಿದ ಹಾಗಿತ್ತು. ನೀನು ಬರೋವರೆಗೆ ಕಾಯ್ತೀನಿ, ಇಲ್ದಿದ್ರೆ ಕೋಟು ಇಟ್ಟು ಮುಂದಿನ ವಾರ ಬರ್ತೀನಿ ಅಂದ್ರು. ಪಾಪ, ಅಷ್ಟು ದೂರದಿಂದ ಯಾಕೆ ಅಲೀಬೇಕು? ಕೂರಿಸಿ ನಾನೇ ಹೊಲಿದುಕೊಟ್ಟೆ. ಮೂರು ಸಾಲು ಹಾಕಿದೀನಿ. ಇನ್ನು ಹತ್ತು ವರ್ಷ ನೀವು ಈ ಕಡೆ ಬರಬೇಕಾಗಿಲ್ಲ ಅಂತ ಹೇಳಿ ಕಳಿಸಿದೆ."

"ಅವರೇನಂದ್ರು?"

"ಅನ್ನೋಕೇನಿದೆ?" ಎಂದಳು ಅಕ್ಕ ಹೆಮ್ಮೆಯಿಂದ. "ಬಾಗಿಲಲ್ಲಿ ನಿಂತು ತೋಳನ್ನ ಎರಡು ಸಲ ಜೋರಾಗಿ ಎಳೆದು ನೋಡಿದ್ರು. ಒಂದು ನೂಲೂ ಬಿಡಲಿಲ್ಲ."