ಕಳಸದ ತಿರುವಿನಲ್ಲಿ ಸೈಡ್ ಬಿ

ಗಲಾಟೆಗೆಲ್ಲ ಮೂಲ ಏಕಾಂತಪ್ಪನವರ ಬಸ್ಸಿಗೆ ಹೊಸದಾಗಿ ಬಂದ ಟೇಪ್ ರೆಕಾರ್ಡರ್.

ಏಕಾಂತಪ್ಪನವರು ಮಗಳ ಹೆಸರಿಟ್ಟು ಓಡಿಸುತ್ತಿದ್ದ ‘ಗಾನಶ್ರೀ’ ಬಸ್ಸು ಬೆಳಿಗ್ಗೆ ಮೂಡಿಗೆರೆಯಿಂದ ಕಳಸಕ್ಕೆ ಹೋಗಿ ಸಂಜೆ ವಾಪಸ್ ಬರುತ್ತಿತ್ತು. ಹೆಸರಲ್ಲಿ ಗಾನ ಇದ್ದರೂ ಬಸ್ಸಿನೊಳಗೆ ಹಾರನ್ ಮತ್ತು ಕಂಡಕ್ಟರ್ ತಮ್ಮಯ್ಯನ ಶಿಳ್ಳೆ ಬಿಟ್ಟರೆ ಬೇರೆ ಸಂಗೀತ ಇರಲಿಲ್ಲ. ಟೇಪ್ ಬಂದ ದಿನವೇ ಸುದೀಪ ಓಡಿಹೋಗಿ ತಮ್ಮ ಬ್ಯಾಂಡಿನ ಹೊಸ ಕ್ಯಾಸೆಟ್ಟನ್ನು ತಮ್ಮಯ್ಯನ ಕೈಗೆ ತುರುಕಿದ್ದ.

ಬ್ಯಾಂಡಿನ ಹೆಸರು ‘ಉಂಬಳ’, ಮಲೆನಾಡಿನ ಜಿಗಣೆ. ಒಮ್ಮೆ ಹತ್ತಿದರೆ ಬಿಡುವುದಿಲ್ಲ ಎಂದು ಅರ್ಥ! ಬ್ಯಾಂಡ್ ಅಂದರೆ ಇಬ್ಬರೇ. ಗಿಟಾರಿಗೆ ತಾಹಾ, ಹಾಡಲು ಸುದೀಪ. ಡ್ರಮ್ಮಿನ ಕೆಲಸವನ್ನು ಒಂದು ಹಳೇ ಕೀಬೋರ್ಡು ನೋಡಿಕೊಳ್ಳುತ್ತಿತ್ತು. ಇಬ್ಬರೂ ಡಿಗ್ರಿ ಕೊನೇ ವರ್ಷ. ಅವರ ಮೊದಲ ಆಲ್ಬಂ ‘ಕಚ್ಚಿದ್ದೇ ಕಚ್ಚಿದ್ದು’ ತಾಹಾನೇ ಕೂತು ಬರೆದು ರಾಗ ಹಾಕಿದ್ದು. ಎರಡು ಸಾವಿರದ ಒಂದನೇ ಇಸವಿಯಲ್ಲಿ ಮೂಡಿಗೆರೆಯ ಹೋಟೆಲುಗಳಲ್ಲಿ ಕಾಫಿ ಜೊತೆ ಅದನ್ನೇ ಹಾಕುತ್ತಿದ್ದರು. ಹುಡುಗರು ಮೇಜು ಕುಟ್ಟಿ ಕುಟ್ಟಿ ಲೋಟಗಳೇ ಕುಣಿಯುತ್ತಿದ್ದವು.

ಮರುವರ್ಷ ಬಂತು ಎರಡನೇ ಆಲ್ಬಂ. ಹೆಸರು ‘ಉಪ್ಪು’.

“ಉಂಬಳಕ್ಕೆ ಉಪ್ಪು ಹಾಕಿದ್ರೆ ಎಂತ ಆಗುತ್ತೆ ಅಂತ ಗೊತ್ತಿಲ್ವನಾ ನಿಮ್ಗೆ?” ಎಂದು ಊರವರು ಆಗಲೇ ನಕ್ಕಿದ್ದರು. ಸುದೀಪ ಕೇಳಬೇಕಲ್ಲ! ಸೈಡ್ ಎ ತಾಹಾನ ಅಬ್ಬರದ ಹಾಡುಗಳು, ಸೈಡ್ ಬಿ ಪೂರ್ತಿ ತನ್ನ ನಿಧಾನದ ಹಾಡುಗಳು ಎಂದು ಹಟ ಹಿಡಿದು ಮಾಡಿಸಿದ್ದ.

ಬಸ್ಸಲ್ಲಿ ಕ್ಯಾಸೆಟ್ ಓಡಲು ಶುರುವಾಗಿ ವಾರ ಕಳೆದಿರಲಿಲ್ಲ, ತಾಲೂಕು ಎರಡು ಹೋಳಾಯಿತು. ದಾರಿ ಮಧ್ಯೆ ಜಾವಳಿಯಲ್ಲಿ ಇಳಿಯುವವರೆಲ್ಲ “ಸೂಪರ್ ಮಾರಾಯ, ಮೊದಲ್ನೇದಕ್ಕಿಂತ ಜೋರಾಗಿದೆ” ಅನ್ನುತ್ತಿದ್ದರು. ಕಳಸದವರೆಗೆ ಹೋಗುವವರೆಲ್ಲ “ಥೂ! ಅದೂ ಒಂದು ಹಾಡಾ, ಒಂದು ಪಾಟಾ?” ಅನ್ನುತ್ತಿದ್ದರು. ಬಸ್‌ಸ್ಟ್ಯಾಂಡಿನ ಹೋಟೆಲಲ್ಲಿ ಇದೇ ವಿಷಯಕ್ಕೆ ಇಬ್ಬರು ಮಾತು ಬಿಟ್ಟಿದ್ದರು.

ಭಾನುವಾರ ಬೆಳಿಗ್ಗೆ ತಾಹಾ ಬಸ್‌ಸ್ಟ್ಯಾಂಡಿಗೇ ಬಂದು ನಿಂತ. ಮುಖ ಸರಿ ಇರಲಿಲ್ಲ.

“ನೋಡು ಸುದೀಪ, ನಮ್ಮಪ್ಪ ಗ್ಯಾರೇಜಲ್ಲಿ ನಂಗೆ ಅಂತ ಖಾಕಿ ಅಂಗಿ ಹೊಲ್ಸಿ ಇಟ್ಟಿದ್ದಾರೆ. ಅರ್ಧ ಜನ ಉಗಿಯೋ ಬ್ಯಾಂಡ್ ಹಿಡ್ಕೊಂಡು ಅವ್ರಿಗೆ ಎಂತ ಹೇಳ್ಲಿ? ಇವತ್ತು ಸಂಜೆ ಈ ಬಸ್ಸಿಂದ ಇಳಿಯೋರು ಒಂದೇ ಬಾಯಲ್ಲಿ ಚಂದ ಇದೆ ಅಂದ್ರೆ ಬ್ಯಾಂಡು. ಇಲ್ಲಾಂದ್ರೆ ಸ್ಪ್ಯಾನರು.”

“ತಮಾಷೆ ಮಾಡ್ಬೇಡ ಮಾರಾಯ!”

“ಅಂಗಿಗೆ ಹೆಸ್ರೂ ಹೊಲ್ಸಿದ್ದಾರೆ ಮಾರಾಯ. ತಮಾಷೆ ಎಲ್ಲಿ ಬಂತು?”

ತಾಹಾ ಇಲ್ಲದ ಉಂಬಳ ಅಂದರೆ ಬರೀ ಬಾಯಿ. ಸುದೀಪ ಅಲ್ಲೇ ನಿರ್ಧರಿಸಿದ. ಜನ ನಿಜಕ್ಕೂ ಏನಂತಾರೆ ಅಂತ ತಾನೇ ಕೂತು ಕೇಳಬೇಕು! ಕ್ಯಾಸೆಟ್ಟಿನ ಕವರಲ್ಲಿ ತನ್ನ ಫೋಟೋ ಬೇರೆ ಇದೆಯಲ್ಲ ಎಂದು ಮಂಕಿ ಕ್ಯಾಪ್ ಎಳೆದುಕೊಂಡು, ಮಫ್ಲರ್ ಸುತ್ತಿಕೊಂಡು ಬಸ್ ಹತ್ತಿದ. ಮಾರ್ಚ್ ತಿಂಗಳ ಸೆಕೆಯಲ್ಲಿ ಕಣ್ಣು ಮೂಗು ಮಾತ್ರ ಕಾಣುತ್ತಿದ್ದ ಅವನನ್ನು ನೋಡಿ ತಮ್ಮಯ್ಯ ಬೆಚ್ಚಿಬಿದ್ದ.

“ಜ್ವರನಾ ಮಾರಾಯ?”

“ಶ್! ನಾನು ಸುದೀಪ. ಯಾರಿಗೂ ಹೇಳ್ಬೇಡಿ ತಮ್ಮಯ್ಯಣ್ಣ. ಕ್ಯಾಸೆಟ್ ಹಾಕಿ.”

ಬಸ್ಸು ಅವತ್ತು ತುಂಬಿ ತುಳುಕುತ್ತಿತ್ತು. ಕಳಸದಲ್ಲೊಂದು ಗೃಹಪ್ರವೇಶ. ಹೋಗುವವರೂ ಅವರೇ, ಸಂಜೆ ಇದೇ ಬಸ್ಸಲ್ಲಿ ಬರುವವರೂ ಅವರೇ. ಸುದೀಪನ ಪಕ್ಕದಲ್ಲಿ ಮುದ್ದಮ್ಮ ಮಡಿಲಲ್ಲಿ ಮಾವಿನ ಮಿಡಿಯ ಚೀಲ ಇಟ್ಟುಕೊಂಡು ಕೂತಿದ್ದರು. ಮುಂದಿನ ಸೀಟಲ್ಲಿ ರಿಟೈರ್ಡ್ ಮೇಷ್ಟ್ರು ಸೋಮಶೇಖರಪ್ಪ.

ಸೈಡ್ ಎ ಶುರುವಾಯಿತು. ತಾಹಾನ ಗಿಟಾರು ಕಾಯಿ ತುರಿಯುವ ಮಣೆಗೆ ಕರೆಂಟ್ ಕೊಟ್ಟ ಹಾಗೆ ಗರಗರ ಎಂದಿತು. ಹಿಂದಿನ ಸೀಟಿನ ಹುಡುಗರು “ಹೋ!” ಅಂದರು. ಮೇಷ್ಟ್ರ ಬೆರಳು ಕೂಡ ಕಿಟಕಿಯ ಕಂಬಿ ಮೇಲೆ ತಾಳ ಹಾಕಿತು. ಸುದೀಪನಿಗೆ ಮಂಕಿ ಕ್ಯಾಪಿನೊಳಗೇ ರೆಕ್ಕೆ ಬಂತು!

ಜಾವಳಿ ದಾಟಿತು. ರಸ್ತೆ ಹಾವಾಯಿತು. ತಮ್ಮಯ್ಯ ಕ್ಯಾಸೆಟ್ ತಿರುಗಿಸಿ ಹಾಕಿದ. ಸೈಡ್ ಬಿ.

“ಮಂಜೇ... ಓ ಮಂಜೇ...” ಎಂದು ಸುದೀಪನ ದನಿ ನಿಧಾನಕ್ಕೆ ಎಳೆಯಿತು. ಬಸ್ಸು ಎಡಕ್ಕೆ ವಾಲಿತು, ಬಲಕ್ಕೆ ವಾಲಿತು. ಮಾತೆಲ್ಲ ನಿಂತಿತು. ಸುದೀಪ ಸುತ್ತ ನೋಡಿದ. ಅಬ್ಬಾ! ಎಲ್ಲರೂ ತಲೆ ತಗ್ಗಿಸಿದ್ದಾರೆ. ಮೇಷ್ಟ್ರು ಕರ್ಚೀಫಲ್ಲಿ ಮುಖ ಮುಚ್ಚಿಕೊಂಡಿದ್ದಾರೆ. ಕಿಟಕಿ ಪಕ್ಕದವರು ಮುಖ ಹೊರಗೆ ಹಾಕಿದ್ದಾರೆ. ಮುದ್ದಮ್ಮನ ಕಣ್ಣಲ್ಲಿ ನೀರು!

ಅಳುತ್ತಿದ್ದಾರೆ! ಇಡೀ ಬಸ್ಸು ನನ್ನ ಹಾಡು ಕೇಳಿ ಅಳುತ್ತಿದೆ! ಸುದೀಪನೂ ಮಫ್ಲರಿನ ತುದಿಯಲ್ಲಿ ಕಣ್ಣೊರೆಸಿಕೊಂಡ.

ಮುದ್ದಮ್ಮ ಅವನ ಕೈ ಗಟ್ಟಿಯಾಗಿ ಹಿಡಿದುಕೊಂಡರು. “ಮಗಾ...”

“ಹೇಳಿ ಅಮ್ಮಾ, ಮನಸ್ಸಿಗೆ ತಟ್ತಲ್ವಾ?”

“ಕವರ್... ಕವರ್ ಇದ್ರೆ ಕೊಡು ಮಗಾ, ಬೇಗ!”

ಕವರ್ ಇರಲಿಲ್ಲ. ಮಫ್ಲರ್ ಇತ್ತು. ಕಳಸ ಬರುವ ಹೊತ್ತಿಗೆ ಅದೂ ಇರಲಿಲ್ಲ.

ಬಸ್ಸು ನಿಂತ ಕೂಡಲೇ ಮೇಷ್ಟ್ರು ಇಳಿದು ಕಲ್ಲಿನ ಮೇಲೆ ಕೂತು ಉಸಿರು ಎಳೆದುಕೊಂಡರು. “ಮೊದಲ ಭಾಗ ಪರವಾಗಿಲ್ಲ ತಮ್ಮಯ್ಯ. ಆ ಎರಡನೇದು ಇದ್ಯಲ್ಲ, ಆ ‘ಮಂಜೇ’ ಅಂತ ಎಳೀತಾನಲ್ಲ, ಅವನು ಕರುಳಿಗೇ ಕೈ ಹಾಕಿ ಎಳೆದ ಹಾಗಾಗುತ್ತೆ.”

“ಆ ಹುಡ್ಗ ಸಿಕ್ಕಿದ್ರೆ ನಾಲ್ಕು ಬಿಡ್ತೀನಿ ನಾನು” ಅಂದರು ಮುದ್ದಮ್ಮ, ಆ ಹುಡುಗನ ಭುಜವನ್ನೇ ಹಿಡಿದುಕೊಂಡು ಮೆಟ್ಟಿಲಿಳಿಯುತ್ತಾ.

ಸುದೀಪ ದಿಕ್ಕು ತೋಚದೆ ಜನರ ಹಿಂದೆಯೇ ನಡೆದು ಗೃಹಪ್ರವೇಶದ ಪಂಕ್ತಿಯಲ್ಲಿ ಕೂತ. ಕರೆಯದವನು ಎಂದು ಯಾರೂ ಕೇಳಲಿಲ್ಲ. ಎಲ್ಲರೂ ‘ಉಪ್ಪು’ ಜಗಳದಲ್ಲಿದ್ದರು. ಎಲೆಯ ತುದಿಗೆ ಬಡಿಸಿದ ಉಪ್ಪು ನೋಡಿಯೇ ಒಬ್ಬರು ಶುರುಮಾಡಿದ್ದರಂತೆ. ಮೊದಲ ಆಲ್ಬಮ್ಮೇ ಆಲ್ಬಂ ಎಂದು ಆ ಸಾಲು, ಸೈಡ್ ಎ ಮಾತ್ರ ಇಟ್ಟುಕೊಂಡು ಸೈಡ್ ಬಿ ಸುಡಬೇಕು ಎಂದು ಈ ಸಾಲು. ಕೋಸಂಬರಿ ಬಂದದ್ದೂ ಗೊತ್ತಾಗಲಿಲ್ಲ.

ಹೋಳಿಗೆ ಬಡಿಸುತ್ತಿದ್ದ ಮನೆಯ ಮಗಳು ಅರ್ಪಿತಾ ನಿಂತುಬಿಟ್ಟಳು. “ನಿಮ್ಗೆಲ್ಲ ಎಂತ ಆಗಿದೆ? ಆ ಕ್ಯಾಸೆಟ್ ನನ್ ಹತ್ರ ಇದೆ. ಎರಡನೇ ಸೈಡೇ ಚಂದ ಇರೋದು.”

“ಹೊಟ್ಟೆ ತೊಳ್ಸಲ್ವಾ ನಿಂಗೆ?” ಅಂದರು ಬಸ್ಸಲ್ಲಿ ಬಂದಿದ್ದ ಅವಳ ಅತ್ತೆ.

“ಹೊಟ್ಟೆ ಯಾಕೆ ತೊಳಸ್ಬೇಕು ಅತ್ತೆ? ಜಗಲೀಲಿ ಕೂತ್ಕೊಂಡು ಕೇಳ್ತೀನಿ. ಹಾಯಾಗಿರುತ್ತೆ.”

ಜಗಲಿ! ಸುದೀಪ ಹೋಳಿಗೆ ಕೈಯಲ್ಲಿ ಹಿಡಿದೇ ಎದ್ದು ನಿಂತ. ಜಗಲಿಗೆ ತಿರುವಿಲ್ಲ! ಜಾವಳಿಯವರು ತಿರುವು ಬರುವ ಮೊದಲೇ ಇಳಿಯುತ್ತಾರೆ, ಅವರಿಗೆ ಸಿಕ್ಕುವುದು ಸೈಡ್ ಎ. ಕಳಸದವರಿಗೆ ತಿರುವಲ್ಲಿ ಸಿಕ್ಕುವುದು ಸೈಡ್ ಬಿ. ಜನ ಉಗಿದದ್ದು ಹಾಡಿಗಲ್ಲ, ಪಿಡಬ್ಲ್ಯುಡಿ ರಸ್ತೆಗೆ!

ಖುಷಿಯಲ್ಲಿ ಮೂರು ಹೋಳಿಗೆ ಜಾಸ್ತಿ ತಿಂದ. ಆಮೇಲೆ ಬಸ್ಸಿಗೆ ಓಡಿ, ಸೀಟಲ್ಲಿ ಮಲಗಿದ್ದ ತಮ್ಮಯ್ಯನನ್ನು ಅಲ್ಲಾಡಿಸಿದ.

“ತಮ್ಮಯ್ಯಣ್ಣ, ವಾಪಸ್ ಹೋಗುವಾಗ ತಿರುವಲ್ಲಿ ಸೈಡ್ ಬಿ ಹಾಕ್ಲೇಬೇಡಿ. ಜಾವಳಿ ದಾಟಿ ರಸ್ತೆ ನೆಟ್ಟಗಾದ್ಮೇಲೆ ಹಾಕಿ.”

“ಅಲ್ಲೀವರೆಗೆ ಸುಮ್ನಿರ್ಬೇಕಾ? ಟೇಪ್ ಬಂದ್ ಮಾಡಿದ್ರೆ ಓನರ್ರು ಬೈತಾರೆ ಮಾರಾಯ. ಸೈಡ್ ಎ ಹಾಕ್ಲಾ?”

ಸುದೀಪ ಯೋಚಿಸಿದ. ಹೊಸ ಆಲ್ಬಮ್ಮಿನ ಒಂದು ಹಾಡಿಗೂ ಇವತ್ತು ಕೆಟ್ಟ ಹೆಸರು ಬರಬಾರದು. ತಿರುವಿಗೆ ಯಾವುದನ್ನಾದರೂ ಬಲಿ ಕೊಡಲೇಬೇಕು. ಯಾರು ಏನು ಮಾಡಿದರೂ ಅಲ್ಲಾಡದಂಥದ್ದು, ಎಲ್ಲರೂ ಮೊದಲೇ ಮೆಚ್ಚಿದ್ದು... ಚೀಲದಿಂದ ‘ಕಚ್ಚಿದ್ದೇ ಕಚ್ಚಿದ್ದು’ ತೆಗೆದು ಕೊಟ್ಟ.

“ಇದನ್ನ ಹಾಕಿ. ಇದಕ್ಕೆ ಎಂತದೂ ಆಗಲ್ಲ.”

ಬಸ್ಸು ಹೊರಟಿತು. ಒಳಗೆ ಹೋಳಿಗೆ, ತುಪ್ಪ, ಮಾವಿನಕಾಯಿ ಚಿತ್ರಾನ್ನ, ಪಾಯಸ ಎಲ್ಲ ಭದ್ರವಾಗಿ ತುಂಬಿಕೊಂಡು ಜನ ಕೂತಿದ್ದರು. ಮೊದಲ ಆಲ್ಬಮ್ಮಿನ ಮೊದಲ ಗಿಟಾರು ಕೇಳಿದ್ದೇ ಎಲ್ಲರೂ ಚಪ್ಪಾಳೆ ಹೊಡೆದರು. “ಇದಪ್ಪಾ ಪಾಟು!” ಅಂದರು ಮೇಷ್ಟ್ರು.

ಮೊದಲ ತಿರುವು ಬಂತು. ಚಪ್ಪಾಳೆ ನಿಂತಿತು.

ಎರಡನೇ ತಿರುವಿಗೆ ಮೇಷ್ಟ್ರು “ತಮ್ಮಯ್ಯಾ, ಸ್ವಲ್ಪ ಸೌಂಡ್ ಕಮ್ಮಿ” ಅಂದರು. ಅದರ ಮುಂದಿನದಕ್ಕೆ ಏನೂ ಅನ್ನಲಿಲ್ಲ, ಅನ್ನುವ ಸ್ಥಿತಿಯಲ್ಲಿರಲಿಲ್ಲ. ಬೆಳಗಿನದ್ದು ಹನಿ ಮಳೆ, ಇದು ಆರಿದ್ರಾ ಮಳೆ! ಹಿಂದಿನ ಸೀಟಿನ ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ಕಿಟಕಿ ಹಿಡಿದರು. “ಕಚ್ಚಿದ್ದೇ ಕಚ್ಚಿದ್ದು! ಕಚ್ಚಿದ್ದೇ ಕಚ್ಚಿದ್ದು!” ಎಂದು ಟೇಪಿನ ಸುದೀಪ ಕಿರುಚುತ್ತಿದ್ದರೆ, ಸೀಟಿನ ಸುದೀಪ ಮಂಕಿ ಕ್ಯಾಪ್ ಕಿತ್ತೆಸೆದು ಮುದ್ದಮ್ಮನ ಮೇಲಿಂದ ಕಿಟಕಿಗೆ ಹಾರಿ, ತನ್ನದೇ ದನಿ ಕೇಳುತ್ತಾ ತಿಂದ ಹೋಳಿಗೆಯನ್ನೆಲ್ಲ ಮರಳಿ ಕೊಟ್ಟ.

“ಅಯ್ಯೋ, ನೀನೇ ಅಲ್ವನಾ ಆ ಹಾಡೋ ಹುಡ್ಗ!” ಎಂದು ಮುದ್ದಮ್ಮ ಗುರುತು ಹಿಡಿದರು. ಹೊಡೆಯಲು ಅವರಲ್ಲೂ ಶಕ್ತಿ ಇರಲಿಲ್ಲ. ಇಬ್ಬರೂ ಸೇರಿ ಒಂದೇ ನಿಂಬೆಹಣ್ಣು ಮೂಸಿದರು.

ಜಾವಳಿ ದಾಟಿತು. ರಸ್ತೆ ನೆಟ್ಟಗಾಯಿತು. ಬಸ್ಸಿನೊಳಗೆ ತಂಪು ಗಾಳಿ ಬಂತು, ಎಲ್ಲೋ ಅರಳಿದ ಕಾಫಿ ಹೂವಿನ ವಾಸನೆ ಬಂತು. ಸುದೀಪ ಹೇಳಿದ್ದ ಹಾಗೆ ತಮ್ಮಯ್ಯ ‘ಉಪ್ಪು’ವಿನ ಸೈಡ್ ಬಿ ಹಾಕಿದ.

“ಮಂಜೇ... ಓ ಮಂಜೇ...”

ಹೊಟ್ಟೆ ಮುಕ್ಕಾಲು ಖಾಲಿಯಾಗಿ ಹಗುರಾಗಿದ್ದ ಜನ ಸೀಟಿಗೆ ಒರಗಿದರು. ಮೇಷ್ಟ್ರ ಮುಖದಲ್ಲಿ ಮಗುವಿನ ನಗು ಬಂತು. “ಆಹಾ, ಎಂತ ಸಮಾಧಾನ. ಇದು ಯಾವ್ದಪ್ಪ?”

“ಬೆಳಿಗ್ಗೆ ಹಾಕಿದ್ದೇ ಮೇಷ್ಟ್ರೇ” ಅಂದ ತಮ್ಮಯ್ಯ.

“ಸುಮ್ನಿರಯ್ಯಾ. ಇದು ಅಮೃತ.”

ಸುದೀಪ ಕಣ್ಣು ಮುಚ್ಚಿದ. ಗೆದ್ದೆ! ತಾಹಾ, ನಿನ್ನ ಖಾಕಿ ಅಂಗಿ ಗ್ಯಾರೇಜಲ್ಲಿ ಗ್ರೀಸ್ ಒರೆಸಲಿಕ್ಕೆ! ಮೂಡಿಗೆರೆ ಬರುವಾಗ ಬಸ್ಸಲ್ಲಿ ಅರ್ಧ ಜನ ಒಬ್ಬರ ಭುಜದ ಮೇಲೊಬ್ಬರು ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದರು.

ಬಸ್‌ಸ್ಟ್ಯಾಂಡಲ್ಲಿ ತಾಹಾ ಕಾಯುತ್ತಿದ್ದ. ಬೆಳಗಿನ ತಾಹಾ ಅಲ್ಲ, ಕಾಲು ನೆಲದ ಮೇಲೆ ನಿಲ್ಲದ ತಾಹಾ! ಪಕ್ಕದಲ್ಲಿ ಬಿಳಿ ಪ್ಯಾಂಟು, ಬಿಳಿ ಬೂಟು ಹಾಕಿಕೊಂಡು ಎಸ್ಟೇಟ್ ಓನರ್ ಮಲ್ಲಿಕಾರ್ಜುನಪ್ಪನವರು ನಿಂತಿದ್ದರು. ಪ್ಲಾಂಟರ್ಸ್ ಕ್ಲಬ್ಬಿನ ಸೆಕ್ರೆಟರಿ.

“ಸುದೀಪಾ, ಎರಡನೇದು ಹಾಳಾಗಿ ಹೋಗ್ಲಿ ಬಿಡು!” ತಾಹಾ ಓಡಿ ಬಂದು ಅವನನ್ನು ಎತ್ತಿಯೇ ಬಿಟ್ಟ. “ಕ್ಲಬ್ ಡೇಗೆ ನಾವೇ ಬಾರಿಸೋದು! ಸಾಹೇಬ್ರಿಗೆ ನಮ್ಮ ಮೊದಲ್ನೇ ಆಲ್ಬಂ ಅಂದ್ರೆ ಪ್ರಾಣ. ಪೂರ್ತಿ ಅದೇ ಬಾರಿಸ್ಬೇಕಂತೆ! ನಮ್ಮಪ್ಪನೂ ಒಪ್ಪಿದ್ರು! ಸ್ಪ್ಯಾನರ್ ಇಲ್ಲ, ಎಂತದೂ ಇಲ್ಲ!”

ಸುದೀಪನಿಗೆ ನಗು ಅರ್ಧ ಬಂದು ನಿಂತಿತು. “ಮೊ... ಮೊದಲ್ನೇದಾ?”

“ಹೌದಯ್ಯಾ” ಅಂದರು ಮಲ್ಲಿಕಾರ್ಜುನಪ್ಪನವರು. “ನಿಮ್ಮ ‘ಕಚ್ಚಿದ್ದೇ ಕಚ್ಚಿದ್ದು’ ಕೇಳಿದ್ರೆ ನಂಗೆ ಈಗ್ಲೂ ರಕ್ತ ಬಿಸಿ ಆಗುತ್ತೆ. ಏನ್ ಮೇಷ್ಟ್ರೇ, ನಿಮಗೂ ಇಷ್ಟ ಅಲ್ವಾ ಅದು?”

ಆಗಷ್ಟೇ ನಿದ್ದೆಯಿಂದ ಎದ್ದು ಇಳಿಯುತ್ತಿದ್ದ ಮೇಷ್ಟ್ರಿಗೆ ಪ್ರಶ್ನೆ ಕೇಳಿಸಲಿಲ್ಲ. ಆದರೆ ಬಸ್ಸೊಳಗಿದ್ದ ತಮ್ಮಯ್ಯನಿಗೆ ಕೇಳಿಸಿತು. ದೊಡ್ಡವರು ಮೆಚ್ಚಿಕೊಂಡ ಪಾಟು! ಅವರಿಗೊಂದು ಮರ್ಯಾದೆ ಆಗಲಿ ಎಂದು ‘ಕಚ್ಚಿದ್ದೇ ಕಚ್ಚಿದ್ದು’ ಟೇಪಿಗೆ ತುರುಕಿ, ಸೌಂಡ್ ಪೂರ್ತಿ ತಿರುಗಿಸಿದ.

“ತಮ್ಮಯ್ಯಣ್ಣಾ, ಬೇಡಾ!” ಸುದೀಪ ಕಿರುಚಿದ.

ತಾಹಾನ ಮೊದಲ ಗಿಟಾರು ‘ಗರ್ರ್’ ಎಂದಿತು.

ಇಳಿಯುತ್ತಿದ್ದವರು ನಿಂತಲ್ಲೇ ನಿಂತರು. ಒಬ್ಬೊಬ್ಬರದೇ ಕೈ ಬಾಯಿಗೆ ಹೋಯಿತು. ಹಿಂದಿನ ಸೀಟಿನ ಹುಡುಗರು ಚರಂಡಿ ಕಡೆ ಓಡಿದರು. ಮುದ್ದಮ್ಮ ಚೀಲಕ್ಕೆ ಮುಖ ಹಾಕಿದರು. ಎಲ್ಲೂ ಓಡಲಾಗದ ಮೇಷ್ಟ್ರು ಆಸರೆಗೆ ಎದುರಿದ್ದವರ ತೋಳು ಹಿಡಿದುಕೊಂಡು, ತಲೆ ಬಗ್ಗಿಸಿ, ಮಲ್ಲಿಕಾರ್ಜುನಪ್ಪನವರ ಬಿಳಿ ಬೂಟಿನ ಮೇಲೆ ತಮ್ಮ ಅಭಿಪ್ರಾಯ ತಿಳಿಸಿದರು.

“ಮೊದಲ್ನೇದನ್ನ... ಮಾತ್ರ... ಹಾಕ್ಬೇಡಿ” ಎಂದು ಮೇಷ್ಟ್ರು ಏದುಸಿರು ಬಿಟ್ಟರು. “ಎರಡನೇದು ಹಾಕಿ. ಹಾಯಾಗಿ ನಿದ್ದೆ ಬರುತ್ತೆ.”

“ಈ ಹುಡ್ಗನೇ ಹೇಳಿ ತಿರುವಲ್ಲಿ ಹಳೇದು ಹಾಕ್ಸಿದ್ದು” ಎಂದು ತಮ್ಮಯ್ಯ ಟೇಪ್ ಬಂದ್ ಮಾಡುತ್ತಾ ತನ್ನ ತಪ್ಪಿಲ್ಲ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ.

ಮಲ್ಲಿಕಾರ್ಜುನಪ್ಪನವರು ಬೂಟನ್ನು ಹುಲ್ಲಿಗೆ ಒರೆಸಿದರು.

“ಸಾರ್, ಎರಡನೇದು ಬಾರಿಸ್ತೀವಿ ಸಾರ್!” ಸುದೀಪ ಬೇಡಿಕೊಂಡ. “ಎಲ್ರಿಗೂ ಇಷ್ಟ ಆಗಿದೆ ಸಾರ್, ಒಂದೇ ಬಾಯಲ್ಲಿ!”

“ಕ್ಲಬ್ಬಲ್ಲಿ ಮೊದ್ಲು ಊಟ ಕಣಯ್ಯಾ, ಆಮೇಲೆ ಹಾಡು. ಒಂದು ಕೇಳಿದ್ರೆ ಊಟ ಹೊರಗೆ ಬರುತ್ತೆ, ಇನ್ನೊಂದು ಕೇಳಿದ್ರೆ ಎಲ್ರೂ ಮಲಗ್ತಾರೆ. ನಾನು ಆರ್ಕೆಸ್ಟ್ರಾ ಕರೆಸ್ತೀನಿ ಬಿಡು.” ಅವರು ಹತ್ತಿದ ಜೀಪು ಹೊರಟುಹೋಯಿತು.

ತಾಹಾ ಸುದೀಪನನ್ನು ಒಮ್ಮೆ ನೋಡಿದ. ಬಸ್ಸಿನ ಟೇಪನ್ನು ಒಮ್ಮೆ ನೋಡಿದ. ರಸ್ತೆ ದಾಟಿ ಸೀದಾ ಅಪ್ಪನ ಗ್ಯಾರೇಜಿಗೆ ನಡೆದ.

“ತಾಹಾ! ಜನ ಚಂದ ಅಂದ್ರಲ್ಲ ಮಾರಾಯ! ನೀನು ಕೇಳಿದ್ದು ಅದೇ ಅಲ್ವಾ?”

ತಾಹಾ ತಿರುಗಿ ನೋಡಲಿಲ್ಲ. ಚರಂಡಿಯಿಂದ ಎದ್ದು ಬಂದ ಹುಡುಗರು ಸುದೀಪನ ಸುತ್ತ ನಿಂತು ಕೈ ಕುಲುಕಿದರು. “ಎರಡನೇದು ಬೆಂಕಿ ಸುದೀಪಣ್ಣ! ಮೂರನೇದು ಯಾವಾಗ?”

ಗ್ಯಾರೇಜಿನ ಒಳಗಿಂದ ಸುತ್ತಿಗೆ ಸದ್ದು ಶುರುವಾಯಿತು. ಟಣ್. ಟಣಟಣ್. ಟಣ್. ತಮ್ಮಯ್ಯ ಬಸ್ಸಿನ ಮೆಟ್ಟಿಲ ಮೇಲೆ ಕೂತು ತಲೆದೂಗುತ್ತಾ ಕೇಳಿದ. ಆಮೇಲೆ ಹೇಳಿದ:

“ಇದು ಮಾತ್ರ ಎರಡಕ್ಕಿಂತ್ಲೂ ಚಂದ ಇದೆ ಮಾರಾಯ.”