ಬೇಕಂತ ಎತ್ತಿದ ಗೇಟು

೧. ಬಿಳಿ ಕೋಟು

ತತ್ವಶಾಸ್ತ್ರದಲ್ಲೂ ಪ್ರಯೋಗ ಮಾಡಬಹುದು ಎಂದು ನಾನು ಹೇಳಿದ ಮರುದಿನ ಒಬ್ಬ ಹುಡುಗ ಬಿಳಿ ಕೋಟು ಹಾಕಿಕೊಂಡು ತರಗತಿಗೆ ಬಂದ. ಅವನ ಅಕ್ಕ ನರ್ಸಿಂಗ್ ಓದುತ್ತಾಳೆ, ಕೋಟು ಅವಳದು. ರಾಯಚೂರಿನ ಬೇಸಿಗೆ. ಬೆವರು ಸುರಿಯುತ್ತಿತ್ತು.

ನಾನು ನಿವೃತ್ತ ಮಾಸ್ತರ. ಬೇರೆ ಯಾರೂ ಸಿಗದೆ ಕಾಲೇಜಿನವರು ಮತ್ತೆ ಕರೆದಿದ್ದರು. ತರಗತಿಯಲ್ಲಿ ಇದ್ದವರು ಇಬ್ಬರೇ. ಈ ಹುಡುಗ, ಮತ್ತು ಮಾನ್ವಿ ಕಡೆಯ ಹಳ್ಳಿಯ ಒಬ್ಬ ಹುಡುಗಿ.

ನಮ್ಮ ಪ್ರಯೋಗಕ್ಕೆ ಬೀಕರು ಬೇಡ ಎಂದೆ. ಒಂದು ಸಣ್ಣ ಕತೆ ಕಟ್ಟಬೇಕು. ಅದನ್ನು ಹೇಳಿ, ಸಿಕ್ಕವರಿಗೆ ಒಂದು ಪ್ರಶ್ನೆ ಕೇಳಬೇಕು. ಆಮೇಲೆ ಕತೆಯಲ್ಲಿ ಒಂದೇ ಸಂಗತಿ ಬದಲಿಸಿ ಬೇರೆಯವರಿಗೆ ಕೇಳಬೇಕು. ಉತ್ತರ ಬದಲಾಯಿತೇ ನೋಡಬೇಕು. ತಪ್ಪು ಎಂದರೇನು ಎಂದು ನಾವು ಪುಸ್ತಕ ಓದಿ ಹೇಳುತ್ತೇವೆ. ಮಂದಿ ಏನನ್ನುತ್ತಾರೆ ಎಂಬುದೂ ಗೊತ್ತಾಗಬೇಕು.

ಹುಡುಗ ಸ್ವಲ್ಪ ಯೋಚಿಸಿದ.

"ಹಂಗಾರ ಕೋಟು ತಗೀಲೇನ್ರಿ ಸರ?"

ತೆಗಿ ಎಂದೆ.

"ಒಳಗ ಅಂಗಿ ಇಲ್ರಿ."

೨. ಅಂಥ ಊರು

ಕತೆ ತಂದವಳು ಹುಡುಗಿ. ಕಾಲುವೆಯ ಮೇಲಿನ ಗದ್ದೆಯವನು ಗೇಟು ಎತ್ತಿದ. ಅವನ ಭತ್ತಕ್ಕೆ ನೀರು ಬಂತು. ಕೆಳಗಿನವನ ಭತ್ತ ಒಣಗಿತು. ಪ್ರಶ್ನೆ: ಆತ ಬೇಕಂತ ಗೇಟು ಎತ್ತಿದನೇ?

ಕತೆ ಚೆನ್ನಾಗಿದೆ, ಎಲ್ಲಿ ಸಿಕ್ಕಿತು ಎಂದೆ. ಮನೆಯಲ್ಲೇ ಎಂದಳು.

ಮೇಲಿನವನು ಅವಳಪ್ಪ. ಕೆಳಗಿನವನು ಕಾಕಾ, ಅಪ್ಪನ ತಮ್ಮ. ಬೆಳೆ ಒಣಗಿದ ದಿನ ಕಾಕಾ ಬದುವಿನ ಮೇಲೆ ನಿಂತು ಬೇಕಂತ ಎತ್ತಿದೆಯಾ ಎಂದು ಕೇಳಿದ್ದ. ಅಪ್ಪ ಹೌದು ಅಂದಿದ್ದ. ಅಷ್ಟೇ ಮಾತು. ಎರಡು ವರ್ಷದಿಂದ ಒಬ್ಬರ ಹೊಸ್ತಿಲು ಒಬ್ಬರು ತುಳಿದಿಲ್ಲ. ಅಜ್ಜಿ ಹಾಸಿಗೆ ಹಿಡಿದಿದ್ದಾಳೆ. ಇಬ್ಬರು ಮಕ್ಕಳೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವುದನ್ನು ನೋಡಿ ಹೋಗಬೇಕು ಎನ್ನುತ್ತಾಳೆ.

"ಹೊರಗಿನ ಮಂದಿ ಬೇಕಂತ ಅಲ್ಲ ಅಂದ್ರ, ಕಾಕಾ ಕೇಳಬಹುದ್ರಿ ಸರ."

ಪ್ರಯೋಗ ಇಂಥದಕ್ಕಲ್ಲ ಎಂದೆ. ಅವಳು ನಿಂತೇ ಇದ್ದಳು. ಮಾಡು ಎಂದೆ.

ಮೊದಲು ದೇವದುರ್ಗದ ಬಸ್ ಸ್ಟ್ಯಾಂಡಿಗೆ ಹೋದೆವು. ಅಲ್ಲಿ ಹುಡುಗ, ಹುಡುಗಿ ಬದಲಿಸಿದ ಕತೆ ಹೇಳಿದರು. ಇದರಲ್ಲಿ ಗೇಟು ಎತ್ತಿದಾಗ ಮೇಲಿನ ಗದ್ದೆಯೂ ತೊಯ್ಯುತ್ತದೆ, ಕೆಳಗಿನದೂ ತೊಯ್ಯುತ್ತದೆ. ಒಬ್ಬ ರೈತ ಬೀಡಿ ಆರಿಸಿ ಪೂರ್ತಿ ಕೇಳಿದ. ಇನ್ನೊಮ್ಮೆ ಹೇಳಿಸಿದ.

"ಆ ಊರು ಯಾವುದು ಹೇಳ್ರಿ. ಇಲ್ಲಿ ಹೊಲ ಮಾರಿ ಅಲ್ಲಿ ತಗೋತೀನಿ."

೩. ಇಲ್ಲದ ಮಂದಿ

ರಾಯಚೂರಿನ ಬಜಾರಿನಲ್ಲಿ ಬಟ್ಟೆ ಅಂಗಡಿಯ ಒಬ್ಬರು ಸಾಹೇಬರು. ವಯಸ್ಸಾದವರು. ಕತೆ ಕೇಳುವ ಮೊದಲು ಚಹಾ ತರಿಸಿದರು. ಕೇಳಿದ ಮೇಲೆ ತಲೆ ಅಲ್ಲಾಡಿಸಿದರು.

"ಒಬ್ಬರ ಮಾತು ಕೇಳಿ ಫೈಸಲಾ ಮಾಡಬಾರದು. ಇಬ್ಬರನ್ನೂ ಕರ್ಕೊಂಡು ಬಾರವ್ವ."

ಅವರು ನಿಜವಾದ ಮಂದಿಯಲ್ಲ, ಸುಮ್ಮನೆ ಕತೆ ಎಂದು ಹುಡುಗ ತಿಳಿಸಿ ಹೇಳಿದ. ಸಾಹೇಬರು ಕನ್ನಡಕ ತೆಗೆದು ಅವನನ್ನೇ ನೋಡಿದರು.

"ಇರೋ ಮಂದಿ ಜಗಳ ಸಾಲಲಿಲ್ಲೇನು? ಇಲ್ಲದ ಮಂದಿಗೆ ಯಾಕ ಹಚ್ಚೀರಿ?"

ನಾವಿಬ್ಬರೂ ನಕ್ಕೆವು. ಹುಡುಗಿ ಬಾಗಿಲ ಕಡೆ ತಿರುಗಿ ನಿಂತಿದ್ದಳು.

೪. ಎಲ್ಲರೂ ಹೌದು

ಕೊನೆಗೆ ಮಾನ್ವಿಯಲ್ಲಿ ಮೊದಲಿನ ಕತೆ ಹೇಳಿ ಪ್ರಶ್ನೆ ಕೇಳಿದರು. ಸಂತೆಯ ದಿನ. ಕೇಳಿದವರೆಲ್ಲ ಹೌದು ಅಂದರು. ಬೇಕಂತನೇ ಎತ್ಯಾನ. ಹೆಂಗಸರು, ಗಂಡಸರು, ಕಾಲುವೆಯ ಮೇಲಿನವರು, ಕೆಳಗಿನವರು, ಎಲ್ಲರದೂ ಅದೇ ಮಾತು.

 ಊರಿಗೆ ಊರೇ ಅವಳಪ್ಪನ ವಿರುದ್ಧ ಸಾಕ್ಷಿ ಹೇಳಿದ ಹಾಗಿತ್ತು.

ಮರುದಿನ ಹುಡುಗ ಉತ್ತರಗಳನ್ನು ಓದುತ್ತಿದ್ದ. ಒಬ್ಬ ಮುದುಕ ಹೇಳಿದ್ದನ್ನು ಇದ್ದ ಹಾಗೇ ಬರೆದುಕೊಂಡಿದ್ದ.

"ಹೌದ್ರಿ, ಬೇಕಂತ ಎತ್ಯಾನ. ನೀರು ಬ್ಯಾಡಂತ ಯಾರರ ಗೇಟು ಎತ್ತತಾರೇನು?"

ಇನ್ನೊಮ್ಮೆ ಓದು ಎಂದೆ. ಓದಿದ. ನಾವು ಕೇಳಿದ್ದು ಉದ್ದೇಶದ ಮಾತು. ಅವರು ಹೇಳಿದ್ದು ನೀರಿನ ಮಾತು. ಬೇಕಂತ ಎಂದರೆ ಹಟಕ್ಕೆ ಮಾಡಿದ್ದೂ ಆಗುತ್ತದೆ, ಬೇಕು ಎಂದು ಮಾಡಿದ್ದೂ ಆಗುತ್ತದೆ. ಪ್ರಯೋಗ ಪೂರ್ತಿ ಹಾಳು. ಪ್ರಶ್ನೆಯನ್ನು ಓದಿ ಒಪ್ಪಿದವನು ನಾನೇ.

"ಕೋಟು ಇದ್ದಿದ್ರ ಹಿಂಗ ಆಗ್ತಿರಲಿಲ್ರಿ" ಅಂದ ಹುಡುಗ.

ಹುಡುಗಿ ನಗಲಿಲ್ಲ. ಎದ್ದು ನಿಂತಿದ್ದಳು.

"ಸರ, ನಮ್ಮಪ್ಪನೂ ನೀರಿನ ಮಾತೇ ಹೇಳಿರಬೇಕು."

ಅಂದೇ ಊರಿಗೆ ಹೋದಳು.

೫. ಹೇಳಲಿ, ಕೇಳಲಿ

ಅಪ್ಪನನ್ನು ಕೇಳಿದಳಂತೆ. ಭತ್ತ ಬಾಡುತ್ತಿತ್ತು, ನೀರು ಬೇಕಿತ್ತು, ಎತ್ತಿದೆ, ತಮ್ಮನದು ಒಣಗಲಿ ಅಂತ ಯಾವ ಅಣ್ಣ ಎತ್ತುತ್ತಾನೆ ಅಂದನಂತೆ. ಓಡಿ ಹೋಗಿ ಕಾಕಾಗೆ ಹೇಳಿದಳು. ಹಾಗಂತ ಅವನೇ ಬಂದು ಹೇಳಲಿ ಅಂದ ಕಾಕಾ. ತಿರುಗಿ ಬಂದು ಅಪ್ಪನಿಗೆ ಹೇಳಿದಳು. ಬೇಕಾದರೆ ಅವನೇ ಬಂದು ಕೇಳಲಿ ಅಂದ ಅಪ್ಪ.

ಎರಡೂ ಮನೆಗಳ ನಡುವೆ ಒಂದೇ ಗೋಡೆ. ಅದಕ್ಕೆ ಹತ್ತಿಕೊಂಡೇ ಅಜ್ಜಿ ಮಲಗುವ ಹಗ್ಗದ ಮಂಚ, ಅವಳ ಹೊರಸು. ಎರಡೂ ಕಡೆಯ ಮಾತು ಅವಳಿಗೆ ಕೇಳಿಸಿತ್ತು.

"ಒಬ್ಬಾತ ಹೇಳಲಿ ಅಂತಾನ, ಒಬ್ಬಾತ ಕೇಳಲಿ ಅಂತಾನ. ನಾ ಏನು ಮಾಡ್ಲಿ? ಹೋಗ್ಲಿ?"

ಹುಡುಗಿ ನಗುತ್ತಲೇ ನಮಗೆ ಇದನ್ನು ಹೇಳಿದಳು. ಅದೇ ವಾರ ಮುದುಕಿ ಹೋದಳು.

೬. ಸಾಕು

ಮಣ್ಣಿಗೆ ಹುಡುಗನೂ ನಾನೂ ಹೋಗಿದ್ದೆವು. ಅಣ್ಣ ಒಂದು ಕಡೆ, ತಮ್ಮ ಒಂದು ಕಡೆ ನಿಂತು ಮಣ್ಣು ಹಾಕಿದರು. ಮುಗಿದ ಮೇಲೆ ಅಣ್ಣ ಕೊಡ ಇಟ್ಟುಕೊಂಡು ಬಂದವರ ಕೈಗೆಲ್ಲ ನೀರು ಹಾಕುತ್ತಿದ್ದ. ತಮ್ಮನ ಸರದಿ ಬಂತು. ಮಂದಿ ಇತ್ತ ತಿರುಗಿದರು.

ತಮ್ಮ ಕೈ ಒಡ್ಡಿದ. ಅಣ್ಣ ನೀರು ಹಾಕಿದ. ಮಣ್ಣು ಹೋಯಿತು. ಹಾಕುತ್ತಲೇ ಇದ್ದ. ತಮ್ಮ ಸಾಕು ಅಂದ. ಅಣ್ಣ ನಿಲ್ಲಿಸಲಿಲ್ಲ. ನೀರು ತಮ್ಮನ ಧೋತರ ತೋಯಿಸಿ, ಕಾಲಿಗೆ ಇಳಿದು, ನನ್ನ ಚಪ್ಪಲಿಯವರೆಗೂ ಬಂತು.

"ಸಾಕಂದ್ರೂ ಹಾಕ್ತಿಯಲ್ಲೋ ಅಣ್ಣ. ಬೇಕಂತ ಹಾಕ್ತೀಯೇನು?"

"ಹೌದು. ಇದು ಬೇಕಂತ."

ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ತಮ್ಮನೂ ನಕ್ಕ, ತೊಯ್ದ ಕೈಯಲ್ಲೇ ಮುಖ ಮುಚ್ಚಿಕೊಂಡ.

ಅಂದು ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂತು ಉಂಡರು. ಮುದುಕಿಯ ಹೊರಸನ್ನು ಆಗಲೇ ಹೊರಗೆ ಹಾಕಿದ್ದರು.