ಸಾಕು ಅನ್ನುವ ಪ್ರೋಟೀನು

ನಮ್ಮ ಕಾಕಾನನ್ನು ಊಟಕ್ಕೆ ಕರೆಯಬೇಡಿ. ಕರೆದರೂ ಪಂಕ್ತಿಯ ನಡುವೆ ಕೂಡಿಸಬೇಡಿ! ಹುಮನಾಬಾದಿನ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತರಾದವರು. ಪಾಠ ಮಾತ್ರ ಇನ್ನೂ ನಿವೃತ್ತವಾಗಿಲ್ಲ.

ನಮ್ಮ ಕಡೆ ಬಡಿಸುವವರಿಗೆ ಕಿವಿ ಕೇಳಿಸುವುದಿಲ್ಲ, ಗೊತ್ತಲ್ಲ? ಬೇಡವೆಂದು ಅಂಗೈ ಅಡ್ಡ ಹಿಡಿದರೆ ಅಂಗೈ ಮೇಲೇ ಹೋಳಿಗೆ ಬೀಳುತ್ತದೆ. ಕಾಕಾನಿಗೆ ಅದೇ ಪೀಠಿಕೆ.

“ನೋಡ್ರಿ, ಮೈಯಾಗಿನ ಜೀವಕೋಶದಾಗೂ ‘ಬೆಳಿ, ಬೆಳಿ’ ಅನ್ನೋ ಸ್ವಿಚ್ ಅದ. ತಾನಾಗೇ ಬಂದ್ ಆಗ್ತದ, ಆದ್ರ ಭಾಳ ನಿಧಾನ. ಜಲ್ದಿ ಬಂದ್ ಮಾಡಾಕ ಒಂದು ಪ್ರೋಟೀನ್ ಬರಬೇಕು. ಅದರ ಕೆಲಸ ಒಂದೇ, ಸಾಕು ಅನ್ನೋದು!”

ಅಷ್ಟರಲ್ಲಿ ಪಕ್ಕದವರ ಸಾರು ಆರಿ ತಣ್ಣಗಾಗಿರುತ್ತದೆ.

ಬಸ್ಸಿನಲ್ಲೂ ಬಿಟ್ಟವರಲ್ಲ. ಒಮ್ಮೆ ಮನ್ನಾಏಖೇಳ್ಳಿ ದಾಟುವ ಹೊತ್ತಿಗೆ ಕಂಡಕ್ಟರ್ ಕೈಮುಗಿದ. “ಸರ್, ನಿಮಗ ಸಾಕು ಅನ್ನೋ ಪ್ರೋಟೀನ್ ಎಲ್ಲಿ ಅದರಿ?”

“ಅಕಿ ಮನ್ಯಾಗ ಅದಾಳ!” ಎಂದರು ಕಾಕಾ, ಹೆಮ್ಮೆಯಿಂದ.

ನಿಜ. ಕಾಕಿ ಸುಮ್ಮನೆ ಒಮ್ಮೆ ಕೆಮ್ಮಿದರೆ ಸಾಕು, ಕಾಕಾ ಬಂದ್! ಆದರೆ ಕಾಕಿ ಎಲ್ಲಿಗೂ ಬರುತ್ತಿರಲಿಲ್ಲ. ಅವರ ಮುಖ, ತೋಳಿನ ತುಂಬ ಸಣ್ಣ ಸಣ್ಣ ಗಂಟುಗಳು. ಹುಟ್ಟಿನಿಂದಲೇ ಅವರ ಮೈಯಲ್ಲಿ ‘ಸಾಕು’ ಅನ್ನುವ ಆ ಪ್ರೋಟೀನಿನ ಕೊರತೆ. ಅಂಟುವ ರೋಗ ಅಲ್ಲವೇ ಅಲ್ಲ. ಆದರೂ ಜನ ಅವರ ಕೈಯಿಂದ ನೀರು ಇಸಿದುಕೊಳ್ಳಲೂ ಹಿಂಜರಿಯುತ್ತಿದ್ದರು. ಯಾರೊಬ್ಬರ ತಲೆಗಾದರೂ ಹೋಗಲಿ ಎಂದೇ ಕಾಕಾ ಊರೆಲ್ಲ ಪಾಠ ಹೇಳಿಕೊಂಡು ತಿರುಗುತ್ತಿದ್ದುದು.

ಬಸವಕಲ್ಯಾಣದಲ್ಲಿ ನನ್ನ ಮಗಳ ನಿಶ್ಚಿತಾರ್ಥವಿತ್ತು. “ಕಾಕಿ, ಹೋಳಿಗಿ ನೀವೇ ನೀಡಬೇಕ್ ನೋಡ್ರಿ,” ಎಂದು ನಾನು ಹಟ ಹಿಡಿದೆ. ಕಾಕಿ ಸೆರಗು ಹೊದ್ದು, ಬುಟ್ಟಿ ಹಿಡಿದು ಹೊರಗೆ ಬಂದರು. ಪಂಕ್ತಿಯ ಮೊದಲಿಗೇ ಕೂತಿದ್ದ ಬೀಗರ ಅಜ್ಜಿ ಆ ಕೈ ನೋಡಿದ್ದೇ ತಾಟು ಹಿಂದಕ್ಕೆ ಎಳೆದುಕೊಂಡರು.

ಕಾಕಿ ಅಲ್ಲೇ ನಿಂತರು. ಇನ್ನು ಪಾಠ ಶುರುವಾಯಿತು ಎಂದು ಎಲ್ಲರೂ ಕಾಕಾನ ಕಡೆ ನೋಡಿದರು. ಕಾಕಾ ಬಾಯಿ ತೆರೆದರು. “ಅಕಿ...” ಎಂದರು. ಪಾಠ ಅಲ್ಲಿಗೇ ಬಂದ್! ಎದ್ದು ಬಂದು, ಅಜ್ಜಿಯ ಪಕ್ಕ ನೆಲಕ್ಕೆ ಕೂತು, ಬರಿಗೈ ಚಾಚಿದರು.

“ಹಾಕು.”

ಕಾಕಿ ಹಾಕಿದರು. ಕಾಕಾ ತಿಂದರು.

“ಇನ್ನೊಂದು.”

ಅದನ್ನೂ ತಿಂದರು. ಕಣ್ಣಲ್ಲಿ ನೀರು, ಗಲ್ಲದ ತುಂಬ ತುಪ್ಪ. ಮತ್ತೆ ಕೈ ಚಾಚಿದರು.

ಅಜ್ಜಿ ಇಬ್ಬರನ್ನೂ ನೋಡಿದರು. ಆಮೇಲೆ ತಾಟು ಮುಂದಕ್ಕೆ ಸರಿಸಿ, “ಮಾಸ್ತರ, ಎಲ್ಲಾ ನೀವೇ ತಿಂತೀರೇನ್ರಿ? ಬಾ ತಂಗಿ, ನನಗೂ ಹಾಕು,” ಎಂದರು.

ಕಾಕಿ ಬಗ್ಗಿ ಕೈ ಮುಂದೆ ಮಾಡಿದರು. ಅಜ್ಜಿ ಆ ಕೈಯನ್ನೇ ಹಿಡಿದು ಹೋಳಿಗೆ ಹಾಕಿಸಿಕೊಂಡರು.